ಹನ್ನೊಂದನೇ ತಿರುವಿನ ಕೆಂಪು ದೀಪ

ಕಳೆದ ಭಾನುವಾರ ಹನ್ನೊಂದನೇ ತಿರುವಿನಲ್ಲಿ ವಿನ್ಜೆನ್ಸ್‌ನ ಕಾರಿನ ಹಿಂದೆ ಒಂದೇ ಒಂದು ಸಲ ಕೆಂಪು ದೀಪ ಹತ್ತಿ ಆರಿತು. ಅಷ್ಟಕ್ಕೇ ಇತ್ತ ಕಾಸಿಯಾನನ ಎದೆಯಲ್ಲಿ ಆಸೆ ಹತ್ತಿಕೊಂಡಿತು. ಅದು ಮಾತ್ರ ವಾರ ಕಳೆದರೂ ಆರಲಿಲ್ಲ.

ಆಸ್ಟ್ರಿಯಾದ ಟಿರೋಲ್ ಸೀಮೆಯ ಗುಡ್ಡಗಳ ನಡುವಿನ ಆ ಹಳ್ಳಿಯಲ್ಲಿ ಬೆಂಕಿ ನಂದಿಸುವ ದಳದವರಿಗೆ ಸಂಬಳವಿಲ್ಲ. ಆದರೆ ದಳದ ಗಾಡಿ ಓಡಿಸುವವನಿಗೆ ಸಿಗುವ ಮರ್ಯಾದೆ ಪಾದ್ರಿಗೂ ಸಿಗುವುದಿಲ್ಲ. ಹಳೇ ಚಾಲಕ ಮಂಡಿನೋವೆಂದು ಕೆಳಗಿಳಿದ ಮೇಲೆ ಆ ಸೀಟು ಖಾಲಿ ಬಿದ್ದಿತ್ತು. ಉಮೇದುವಾರರು ಇಬ್ಬರೇ: ಬಡಗಿ ವಿನ್ಜೆನ್ಸ್ ಮತ್ತು ಸಹಕಾರಿ ಅಂಗಡಿಯಲ್ಲಿ ಚೀಸ್ ಕತ್ತರಿಸುವ ಕಾಸಿಯಾನ್. ದಳಕ್ಕೆ ಸೇರಿ ಹನ್ನೆರಡು ವರ್ಷವಾದರೂ ಕಾಸಿಯಾನನಿಗೆ ಕೊಟ್ಟ ಕೆಲಸ ಒಂದೇ, ಒದ್ದೆ ಪೈಪು ಸುತ್ತಿಡುವುದು. ಬೆಂಕಿ ಆರಿದ ಮೇಲೆ ಉಳಿದವರೆಲ್ಲ ಬಿಯರ್ ಕುಡಿಯಲು ಹೋದರೆ ಇವನೊಬ್ಬ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು ಪೈಪು ಸುತ್ತಬೇಕು. ಈ ಸಲ ಸೀಟು ಸಿಗದಿದ್ದರೆ ಸಾಯುವ ತನಕ ಪೈಪೇ ಗತಿ ಎಂದು ಅವನಿಗೆ ಖಾತ್ರಿಯಾಗಿತ್ತು.

ಪರೀಕ್ಷೆ ಹೇಳಲು ಸುಲಭ. ಬೆಟ್ಟದ ಮೇಲಿನ ಪುಟ್ಟ ಪ್ರಾರ್ಥನಾಮಂದಿರದಿಂದ ಹಳ್ಳಿಯವರೆಗೆ ಹನ್ನೊಂದು ತಿರುವು. ಸ್ವಂತ ಕಾರಿನಲ್ಲಿ, ಬ್ರೇಕ್ ಮುಟ್ಟದೆ, ಗೇರು ಇಳಿಸಿ ಬರೀ ಎಂಜಿನ್ನಿನ ಹಿಡಿತದಲ್ಲೇ ಇಳಿದು ಬರಬೇಕು. ನಲವತ್ತು ವರ್ಷದ ಹಿಂದೆ ಬ್ರೇಕನ್ನೇ ನಂಬಿ ಇಳಿದ ದಳದ ಗಾಡಿ, ಬ್ರೇಕು ಕಾದು ಕೈಕೊಟ್ಟು, ಪಾದ್ರಿಯವರ ಎಲೆಕೋಸಿನ ತೋಟ ಹೊಕ್ಕಿತ್ತು. ಅಂದಿನಿಂದ ಈ ಪದ್ಧತಿ. ಎದುರು ದಿಬ್ಬದ ಮೇಲೆ ದಳದವರು ಬೆಂಚು ಹಾಕಿ ದುರ್ಬೀನು ಹಿಡಿದು ಕೂರುತ್ತಾರೆ. ಬ್ರೇಕಿನ ದೀಪ ಹತ್ತಿತೋ, ಎಲ್ಲರೂ ಒಕ್ಕೊರಲಿನಿಂದ "ಕೆಂಪು!" ಎಂದು ಕೂಗುತ್ತಾರೆ. ಆ ಕೂಗು ಕಣಿವೆಯ ಹಸುಗಳಿಗೂ ಕೇಳಿಸುತ್ತದೆ.

"ವಿನ್ಜೆನ್ಸ್, ಒಂದು ಕೆಂಪು. ತೀರ್ಪು ಮುಂದಿನ ಭಾನುವಾರ," ಎಂದಷ್ಟೇ ಹೇಳಿ ಕಮಾಂಡರ್ ಲಾಂಬರ್ಟ್ ಮೀಸೆ ಒರೆಸಿಕೊಂಡಿದ್ದ. ವಿನ್ಜೆನ್ಸ್ ತುಟಿ ಬಿಚ್ಚಲಿಲ್ಲ. ಅವನು ಸೋತನೆಂದು ಊರೇ ತೀರ್ಮಾನ ಮಾಡಿತು. ಇನ್ನು ಕಾಸಿಯಾನ್ ಒಂದೂ ಕೆಂಪಿಲ್ಲದೆ ಇಳಿದರೆ ಮುಗಿಯಿತು!

ಈ ಭಾನುವಾರ ಕಾಸಿಯಾನನ ಸರದಿ. ಬೆಳಗಿನ ಕಾಫಿಯ ಹೊತ್ತಿಗೇ ಉಪದೇಶ ಶುರುವಾಯಿತು.

"ರೀ, ಮೂರನೇ ಗೇರಲ್ಲೇ ಬನ್ನಿ," ಎಂದಳು ಹೆಂಡತಿ ಅಫ್ರಾ. "ಎರಡರಲ್ಲಿ ಬಂದ್ರೆ ಎಂಜಿನ್ ಕಿರುಚ್ಕೊಳ್ಳತ್ತೆ. ನಾವಿಬ್ರೂ ಕಾರಲ್ಲಿ ಜಗಳ ಆಡ್ತಿದೀವಿ ಅಂದ್ಕೋತಾರೆ ಜನ."

ಪಕ್ಕದ ಮನೆಯ ಪಿರ್ಮಿನ್ ಬೇಲಿಯಾಚೆಯಿಂದ ಕತ್ತು ಚಾಚಿದ. ಅವನೂ ದಳದವನೇ. "ಮೂರಾ? ಮೂರರಲ್ಲಿ ಬಂದ್ರೆ ಸೀದಾ ಎಲೆಕೋಸಿನ ತೋಟಕ್ಕೇ ಹೋಗೋದು! ಹತ್ತೋವಾಗ ಯಾವ ಗೇರೋ ಇಳಿಯೋವಾಗ್ಲೂ ಅದೇ ಗೇರು ಕಣಯ್ಯಾ. ನಮ್ಮಜ್ಜ ಹೇಳ್ತಿದ್ರು."

"ನಿಮ್ಮಜ್ಜ ಕಾರು ಓಡಿಸ್ತಿದ್ರಾ?" ಎಂದು ಕಾಸಿಯಾನ್ ಕೇಳಿದ.

"ಇಲ್ಲ, ಹೇಸರಗತ್ತೆ. ಆದ್ರೆ ಇಳಿಜಾರು ಇದೇ ತಾನೇ?"

ಸುಮ್ಮನಿದ್ದವರು ಅತ್ತೆ ನೋಟ್‌ಬುರ್ಗಾ ಒಬ್ಬರೇ. ಅವರು ಸುಮ್ಮನಿದ್ದಾರೆಂದರೆ ಏನೋ ಕಿತಾಪತಿ ನಡೆದಿದೆ ಎಂದು ಕಾಸಿಯಾನ್ ತಿಳಿಯಬೇಕಿತ್ತು. ಅವನು ದಳದ ಸಮವಸ್ತ್ರ ತೊಟ್ಟು ಹೊರಗೆ ಬಂದಾಗ ಅತ್ತೆ ಕಾರಿನ ಡಿಕ್ಕಿಯಲ್ಲಿ ಸೊಂಟದವರೆಗೆ ಬಗ್ಗಿದ್ದರು.

"ಕಂಬಳಿ ಇಡ್ತಿದ್ದೆ, ಅಳಿಯಂದ್ರೆ. ನಾನೂ ಬರ್ತೀನಿ. ಮೇಲೆ ನಿಮ್ಮ ಹೆಸರಲ್ಲಿ ಒಂದು ಮೇಣದಬತ್ತಿ ಹಚ್ಚಬೇಕು."

ಅವರ ಕೈಚೀಲದಲ್ಲಿ ಏನೋ ಕಿಣಿಕಿಣಿ ಎಂದಿತು. ಔಷಧಿ ಬಾಟಲಿ ಇರಬೇಕೆಂದುಕೊಂಡು ಕಾಸಿಯಾನ್ ಕಾರು ಹೊರಡಿಸಿದ.

ಮೇಲೆ ಮೇಣದಬತ್ತಿ ಹಚ್ಚಿ ಆಯಿತು. ಕಾಸಿಯಾನ್ ಎರಡನೇ ಗೇರು ಹಾಕಿ, ಬಲಗಾಲನ್ನು ಸೀಟಿನ ಕೆಳಗೆ ಮಡಚಿಟ್ಟುಕೊಂಡು, ಇಪ್ಪತ್ತೆರಡು ವರ್ಷದ ತನ್ನ ಹಳೇ ಕಾರನ್ನು ಇಳಿಜಾರಿಗೆ ಬಿಟ್ಟ. ಎಂಜಿನ್ ಹೂಂಕರಿಸಿತು. ಆದರೆ ಕಾರು ನಿಜಕ್ಕೂ ತಡೆದು ತಡೆದು ಇಳಿಯತೊಡಗಿತು! ಯಾರೋ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಹಾಗೆ. ಒಂದು ತಿರುವು ದಾಟಿತು, ಎರಡು, ಮೂರು. ದಿಬ್ಬದ ಕಡೆಯಿಂದ ಸದ್ದಿಲ್ಲ. ಕಾಸಿಯಾನನಿಗೆ ಕುಣಿಯಬೇಕೆನಿಸಿತು.

ಐದನೇ ತಿರುವಿನಲ್ಲಿ ಕಂಟಕ ಎದುರಾಯಿತು. ಮುಂದೆ ಹಾಲೆಂಡಿನ ಪ್ರವಾಸಿಗರ ಕಾರೊಂದು ಬೆನ್ನಿಗೆ ಕ್ಯಾರವಾನೆಂಬ ಚಕ್ರದ ಮನೆಯನ್ನೇ ಕಟ್ಟಿಕೊಂಡು, ಬ್ರೇಕಿನ ಮೇಲೆ ನಿಂತೇ ಇಳಿಯುತ್ತಿತ್ತು. ಹಿಂದಿನ ದೀಪಗಳು ಕ್ರಿಸ್ಮಸ್ ಮರದಂತೆ ಉರಿಯುತ್ತಿದ್ದವು, ಚಕ್ರದಿಂದ ಹೊಗೆ ಬೇರೆ. ನಡುವಿನ ಅಂತರ ಹತ್ತು ಮಾರಿನಿಂದ ಐದಕ್ಕೆ ಬಂತು, ಐದರಿಂದ ಮೂರಕ್ಕೆ.

"ಅಳಿಯಂದ್ರೆ, ಬ್ರೇಕ್ ಹಾಕ್ಬಿಡಿ! ಹಾಕಿದ್ರೂ ಏನಾಗಲ್ಲ!"

"ಹಾಕಿದ್ರೆ ಎಲ್ಲಾ ಹೋಯ್ತು, ಅತ್ತೆ!"

"ನಾನು ಹೇಳ್ತಿದೀನಲ್ಲ, ಏನೂ ಆಗಲ್ಲ! ಹಾಕಿ!"

ಕಾಸಿಯಾನ್ ಕ್ಲಚ್ ಒತ್ತಿದ, ಆಕ್ಸಿಲರೇಟರಿಗೆ ಒಂದು ಗುದ್ದು ಕೊಟ್ಟು ಎಂಜಿನ್ನಿನ ವೇಗ ಏರಿಸಿದ, ಗೇರನ್ನು ಒಂದಕ್ಕೆ ತಳ್ಳಿ ಕ್ಲಚ್ಚನ್ನು ಮೆಲ್ಲಗೆ ಬಿಟ್ಟ. ಚೀಸ್ ಕತ್ತರಿಸುವ ಕೈಯಿಂದ ಇಂಥ ನಾಜೂಕಿನ ಕೆಲಸ ಹಿಂದೆಂದೂ ಆಗಿರಲಿಲ್ಲ. ಎಂಜಿನ್ ಆಕಾಶಕ್ಕೆ ಕೇಳುವಂತೆ ಅರಚಿತು.

"ಅಯ್ಯೋ ಮಾತೆ ಮರಿಯಾ, ಕಾರಿಗೆ ಹೆರಿಗೆ ನೋವು ಬಂತು!" ಎಂದು ಅತ್ತೆ ಕೈಚೀಲ ಅವುಚಿಕೊಂಡರು.

ಆದರೆ ಕಾರು ಆಮೆಯ ನಡಿಗೆಗೆ ಇಳಿಯಿತು. ಹಾಲೆಂಡಿನವರು ಏಳನೇ ತಿರುವಿನಲ್ಲಿ ಪಕ್ಕಕ್ಕೆ ಸರಿದು, ಇಳಿದು, ತಮ್ಮ ಚಕ್ರಗಳಿಗೆ ನೀರಿನ ಬಾಟಲಿ ಸುರಿಯತೊಡಗಿದರು. ಕಾಸಿಯಾನ್ ಅವರಿಗೆ ರಾಜನಂತೆ ಕೈ ಬೀಸಿ ಮುಂದೆ ಹೋದ. ಎಂಟು, ಒಂಬತ್ತು, ಹತ್ತು! ಕೆಳಗೆ ಅಗ್ನಿದಳದ ಕೊಟ್ಟಿಗೆ ಕಂಡಿತು, ಅದರ ಬಾಗಿಲಲ್ಲಿ ತೊಳೆದು ನಿಲ್ಲಿಸಿದ ಗಾಡಿಯೂ ಕಂಡಿತು. ಅವನ ಕಣ್ಣು ತುಂಬಿತು.

ಆಗ, ಹನ್ನೊಂದನೇ ತಿರುವಿನಲ್ಲಿ, ಹುಲ್ಲಿನ ಬಣವೆಯ ಮರೆಯಿಂದ ನೀಲಿ ಚೆಂಡೊಂದು ಪುಟಿಯುತ್ತ ರಸ್ತೆಗೆ ಬಂತು.

ಚೆಂಡು ಬಂದರೆ ಅದರ ಹಿಂದೆಯೇ ಮಗು ಬರುತ್ತದೆ ಎಂಬುದು ಆ ಸೀಮೆಯ ಡ್ರೈವಿಂಗ್ ಶಾಲೆಯ ಮೊದಲ ಪಾಠ. ಕಾಸಿಯಾನನ ತಲೆ ಸೀಟು, ಗಾಡಿ, ಪೈಪು ಯಾವುದನ್ನೂ ಯೋಚಿಸಲಿಲ್ಲ. ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಕ್ಲಚ್ ಮರೆತುಹೋಗಿತ್ತು. ಕಾರು ಕೆಮ್ಮಿ, ಮುಗ್ಗರಿಸಿ, ಎಂಜಿನ್ ಸತ್ತು ನಿಂತಿತು. ಚೆಂಡು ಉರುಳಿ ಚರಂಡಿ ಸೇರಿತು. ಮಗು ಬರಲಿಲ್ಲ.

ಕಾಸಿಯಾನ್ ಕಣ್ಣು ಮುಚ್ಚಿ "ಕೆಂಪು!" ಎಂಬ ಕೂಗಿಗೆ ಕಾದ. ಕೂಗು ಬರಲಿಲ್ಲ. ಒಂದು ಕಣ್ಣು ತೆರೆದ. ದಿಬ್ಬ ತೆಪ್ಪಗಿತ್ತು. ಪಕ್ಕದಲ್ಲಿ ಅತ್ತೆ ಬೆಣ್ಣೆ ಕದ್ದ ಬೆಕ್ಕಿನಂತೆ ನಗುತ್ತಿದ್ದರು.

ಬಣವೆಯ ಮರೆಯಿಂದ ಕಮಾಂಡರ್ ಲಾಂಬರ್ಟ್ ಹೊರಬಂದ. "ಏನಯ್ಯಾ, ಬ್ರೇಕ್ ಹಾಕಿದೆಯಾ?"

ಹನ್ನೆರಡು ವರ್ಷದ ಒದ್ದೆ ಪೈಪುಗಳೆಲ್ಲ ಕಾಸಿಯಾನನ ಕಣ್ಣ ಮುಂದೆ ಹಾದುಹೋದವು. ಯಾರೂ ನೋಡಿಲ್ಲ! ಜೀವಮಾನದಲ್ಲಿ ಒಂದು ಸಲ ದೇವರು ಕಣ್ಣು ಬಿಟ್ಟಿದ್ದಾನೆ, ಬಿಡುವುದುಂಟೇ?

"ಬ್ರೇಕಾ? ಮುಟ್ಟೇ ಇಲ್ಲ, ಕಮಾಂಡರ್ರೇ! ಮೇಲಿಂದ ಕೆಳಗಿನವರೆಗೂ ಬರೀ ಗೇರು!"

"ಚೆಂಡು ಬಂದಾಗ್ಲೂ?"

"ಚೆಂಡು ಬಂದಾಗ್ಲೂ!" ಎಂದು ಕಾಸಿಯಾನ್ ಎದೆಯುಬ್ಬಿಸಿದ.

ಲಾಂಬರ್ಟ್‌ನ ಮುಖ ಕಪ್ಪಿಟ್ಟಿತು. "ಚೆಂಡು ಎಸೆದೋನು ನಾನು. ಪರೀಕ್ಷೆ ಅದೇ ಕಣಯ್ಯಾ! ಹತ್ತು ತಿರುವು ಗೇರಲ್ಲಿ ಬರ್ಬೇಕು, ಹನ್ನೊಂದನೇದ್ರಲ್ಲಿ ಬ್ರೇಕ್ ಹಾಕ್ಬೇಕು. ವಿನ್ಜೆನ್ಸ್‌ಗೆ ಕೆಂಪು ಹತ್ತಿದ್ದು ಇದೇ ಚೆಂಡಿಗೆ. ಬಾಯಿ ಬಿಡಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಮಗು ಬಂದಿದ್ರೆ ಏನ್ ಮಾಡ್ತಿದ್ದೆ ನೀನು?"

"ಹಾಕ್ದೆ!" ಎಂದು ಕಾಸಿಯಾನ್ ಕಾರಿನಿಂದ ಅರ್ಧ ಹೊರಗೆ ಬಂದ. "ಹಾಕ್ದೆ ಕಮಾಂಡರ್ರೇ, ಇದ್ದಬದ್ದ ಬಲ ಎಲ್ಲಾ ಹಾಕಿ ಒತ್ತಿದೆ!"

"ಈಗ ತಾನೇ ಮುಟ್ಟಿಲ್ಲ ಅಂದೆ."

"ಅದು ಸುಳ್ಳು!"

"ಕಾರು ನಿಂತಿದ್ದು ಎಂಜಿನ್ ಸತ್ತಿದ್ದಕ್ಕೆ. ಬ್ರೇಕ್ ಹಾಕಿದ್ರೆ ದೀಪ ಯಾಕೆ ಹತ್ಲಿಲ್ಲ?"

ಅಷ್ಟರಲ್ಲಿ ಪಿರ್ಮಿನ್ ಮತ್ತಿತರರು ದಿಬ್ಬದಿಂದ ಓಡಿ ಬಂದಿದ್ದರು. ಕಾಸಿಯಾನ್ ಬ್ರೇಕ್ ಒತ್ತಿ ತೋರಿಸಿದ. ಹಿಂದೆ ಕತ್ತಲೆ. ಲಾಂಬರ್ಟ್ ಡಿಕ್ಕಿ ತೆಗೆದು ನೋಡಿದರೆ ಬ್ರೇಕಿನ ಬಲ್ಬುಗಳೇ ಇಲ್ಲ.

ಆಗ ಅತ್ತೆ ಕೈಚೀಲ ಬಿಚ್ಚಿ, ಕಸೂತಿ ಕರವಸ್ತ್ರದಲ್ಲಿ ಸುತ್ತಿದ್ದ ಮೂರು ಬಲ್ಬುಗಳನ್ನು ಹೊರತೆಗೆದರು. "ಅವರದೇನೂ ತಪ್ಪಿಲ್ಲಪ್ಪಾ. ನಮ್ಮ ಅಳಿಯಂದ್ರ ಕಾಲು ಬ್ರೇಕಿಂದ ಏಳೋದೇ ಇಲ್ಲ ಅಂತ ನಂಗೊತ್ತು. ಅದಕ್ಕೇ ಬೆಳಗ್ಗೆ ಬಿಚ್ಚಿಟ್ಕೊಂಡೆ. ಪಾಪ, ಅವರಿಗೆ ಗೊತ್ತೇ ಇಲ್ಲ."

ಕಾಸಿಯಾನನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. "ನಾನು ನಿಜವಾಗ್ಲೂ ಗೇರಲ್ಲೇ ಇಳಿದೆ," ಎಂದು ಅಳುವ ದನಿಯಲ್ಲಿ ಹೇಳಿದ.

ಪಿರ್ಮಿನ್‌ಗೆ ಮರುಕ ಹುಟ್ಟಿತು. "ಚಕ್ರ ಮುಟ್ಟಿ ನೋಡಿದ್ರೆ ಗೊತ್ತಾಗತ್ತಲ್ಲ ಕಮಾಂಡರ್ರೇ? ಬ್ರೇಕ್ ಹಾಕ್ಕೊಂಡು ಇಳಿದಿದ್ರೆ ಸುಡತ್ತೆ."

ಲಾಂಬರ್ಟ್ ಬಗ್ಗಿ ನಾಲ್ಕೂ ಚಕ್ರ ಮುಟ್ಟಿದ. ಹಾಲಿನ ಕ್ಯಾನಿನಂತೆ ತಣ್ಣಗಿದ್ದವು. ಅವನ ಹುಬ್ಬು ಮೇಲೇರಿತು. "ನಿಜ ಕಣಯ್ಯಾ. ಇಷ್ಟು ತಣ್ಣಗೆ ಇಲ್ಲೀವರೆಗೆ ಯಾರೂ ಇಳಿದಿಲ್ಲ."

ಕಾಸಿಯಾನನ ಮುಖ ಅರಳಿತು.

"ಆದ್ರೆ ಇಷ್ಟು ತಣ್ಣಗಿದೆ ಅಂದ್ಮೇಲೆ, ಚೆಂಡು ಬಂದಾಗ್ಲೂ ನೀನು ಬ್ರೇಕ್ ಹಾಕಿಲ್ಲ ಅಂತ್ಲೇ ಆಯ್ತಲ್ಲ?" ಲಾಂಬರ್ಟ್ ಕೈ ಒರೆಸಿಕೊಂಡು ಎದ್ದ. "ನಾಳೆ ಸಂಜೆ ಕೊಟ್ಟಿಗೆಗೆ ಬಾ. ವಿನ್ಜೆನ್ಸ್ ಗಾಡಿ ಅಭ್ಯಾಸ ಮಾಡ್ತಾನೆ. ಪೈಪು ಸುತ್ತಬೇಕು. ಈಗ ಮೊದ್ಲು ಬಲ್ಬು ಹಾಕ್ಕೊಂಡು ಮನೆಗೆ ಹೋಗು."

ಕಾಸಿಯಾನ್ ಮೂರೂ ಬಲ್ಬುಗಳನ್ನು ತಿರುಗಿಸಿ ಕೂರಿಸಿದ. ಅತ್ತೆ ಕರವಸ್ತ್ರದಿಂದ ಒಂದೊಂದನ್ನೇ ಒರೆಸಿ ಕೊಟ್ಟರು. ಆಮೇಲೆ ಅವನು ಸೀಟಿನಲ್ಲಿ ಕೂತು, ಸರಿಯಾಗಿವೆಯೇ ನೋಡಲೆಂದು ಬ್ರೇಕ್ ಒತ್ತಿದ. ಮೂರೂ ಝಗ್ಗೆಂದು ಹತ್ತಿದವು.

ದಿಬ್ಬದ ಬೆಂಚಿನ ಮೇಲೆ ಉಳಿದಿದ್ದ ಇಬ್ಬರು ಮುದುಕರು ದುರ್ಬೀನಿನಿಂದ ಕಣ್ಣು ತೆಗೆಯದೆ, ಹಸುಗಳಿಗೂ ಕೇಳುವ ಹಾಗೆ, ಒಟ್ಟಿಗೆ ಕೂಗಿದರು:

"ಕೆಂಪು!"