ಆರು ವಾರದ ಜಾಲ, ಅರ್ಧ ಚಮಚ ಸೋಪಿನ ಪುಡಿ

ಮೂವತ್ತೊಂದು ವರ್ಷ ಬನಹಟ್ಟಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ವಿಜ್ಞಾನದಿಂದ ಯಾವ ಅಪಾಯವೂ ಇಲ್ಲವೆಂದು ನಂಬಿದ್ದೆ. ನನ್ನಿಂದ ವಿಜ್ಞಾನಕ್ಕೆ ಅಪಾಯವಿರಬಹುದೆಂದು ಯಾರೂ ಹೇಳಿರಲಿಲ್ಲ.

ನನ್ನ ಹೆಂಡತಿ ಕಸ್ತೂರಿಯ ಅಣ್ಣನ ಮಗಳು ವೈಶಾಲಿ ನನ್ನ ಕೈಯಲ್ಲೇ ಕಲಿತವಳು. ಈಗ ಪುಣೆಯಲ್ಲಿ ಸಂಶೋಧಕಿ. ಜಮಖಂಡಿಯ ಕಾಲೇಜೊಂದರಲ್ಲಿ ಉಪನ್ಯಾಸ ಕೊಡಲು ಬಂದವಳು ಹಿಂದಿನ ದಿನ ನಮ್ಮ ಮನೆಯಲ್ಲೇ ಇಳಿದುಕೊಂಡಳು. ಉಪನ್ಯಾಸಕ್ಕೆ ಮೊದಲು ಅವಳ ಮೊದಲ ವಿಜ್ಞಾನದ ಗುರುವಿಗೆ, ಅಂದರೆ ನನಗೆ, ಶಾಲು ಹೊದಿಸುವುದಿತ್ತು. "ಛೇ, ನನಗ್ಯಾಕೆ" ಎಂದು ಸಂಕೋಚಪಡುವುದನ್ನು ನಾನು ಎರಡು ದಿನದಿಂದ ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅವಳು ತನ್ನ ಕೆಲಸ ವಿವರಿಸಿದಳು. ನಮ್ಮ ಮೈಯ ಜೀವಕೋಶಗಳು ಸುಮ್ಮನೆ ಕೂತಿರುವುದಿಲ್ಲವಂತೆ. ತಮ್ಮ ಸುತ್ತ ಎಳೆ ಎಳೆಯಾಗಿ ತಾವೇ ಒಂದು ಜಾಲ ನೇಯ್ದುಕೊಳ್ಳುತ್ತವಂತೆ. ಇವರು ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ವಾರಗಟ್ಟಲೆ ನೇಯಲು ಬಿಟ್ಟು, ಆಮೇಲೆ ಸೋಪಿನಂಥ ದ್ರವ ಹಾಕಿ ಕೋಶಗಳನ್ನಷ್ಟೇ ತೊಳೆದು ತೆಗೆಯುತ್ತಾರೆ. ಜಾಲ ಉಳಿಯುತ್ತದೆ. ಮುಂದೊಂದು ದಿನ ಅದನ್ನು ಗಾಯದ ಮೇಲೆ ಇಟ್ಟರೆ ರೋಗಿಯ ಸ್ವಂತ ಕೋಶಗಳು ಬಂದು ಅದರಲ್ಲಿ ಸಂಸಾರ ಹೂಡಬೇಕು, ಅದು ಅವಳ ಆಸೆ.

"ಅಂದ್ರ ನೇಕಾರ ಎದ್ದು ಹೋದ, ಅರಬಿ ಮಗ್ಗದ ಮ್ಯಾಗ ಉಳೀತು," ಎಂದರು ನಮ್ಮ ಜೊತೆಗೇ ಇರುವ ನನ್ನ ಮಾವನವರು, ವೈಶಾಲಿಯ ಅಜ್ಜ. ಕೈಮಗ್ಗದ ಮುಂದೆ ಜೀವನ ಕಳೆದವರು. ನಾನು ಇನ್ನೂ ತಲೆಯಾಡಿಸುತ್ತಿದ್ದೆ. ಅವರಿಗೆ ಆಗಲೇ ತಿಳಿದಿತ್ತು.

ಆರು ವಾರ ಬೆಳೆಸಿದ ಅಂಥದೊಂದು ಜಾಲವನ್ನು ವೈಶಾಲಿ ಒಣಗಿಸಿ ತಂದಿದ್ದಳು. ಇದ್ದದ್ದು ಒಂದೇ. ಅದನ್ನೇ ಕಾಲೇಜಿನ ಪರದೆಯ ಮೇಲೆ ತೋರಿಸಬೇಕಿತ್ತು.

ಬೆಳಿಗ್ಗೆ ಅವಳು ಅತ್ತೆಯ ಜೊತೆ ಗುಡಿಗೆ ಹೊರಟಳು. "ಮಾಮಾ, ಅತ್ತೀಗೆ ತೋರಸಾಕ ಸ್ಯಾಂಪಲ್ ತಗದಿದ್ದೆ, ಅಡಗಿಮನಿ ಕಟ್ಟಿ ಮ್ಯಾಗ ಐತ್ರಿ. ಸ್ವಲ್ಪ ಲಕ್ಷ್ಯ ಇರ್ಲಿ," ಎಂದಳು. ಅದು ನೋಡಲು ಹೇಗಿದೆ ಎಂದು ಕೇಳುವುದು ಗುರುವಿನ ಘನತೆಗೆ ತಕ್ಕದ್ದಲ್ಲ. ಕೇಳಲಿಲ್ಲ.

ಕಟ್ಟೆಯ ಮೇಲೆ ಗುಲಾಬಿ ದ್ರವದ ಬಾಟಲಿಯೊಂದಿತ್ತು. ರಾತ್ರಿ ಏನೋ ದ್ರವ ಎಂದಿದ್ದಳಲ್ಲ, ಇದೇ ಇರಬೇಕು! ಎರಡೂ ಕೈಯಲ್ಲಿ ಎತ್ತಿ, ಮೊಸರಿನ ಪಾತ್ರೆ ಸರಿಸಿ, ಫ್ರಿಜ್ಜಿನಲ್ಲಿ ಪ್ರತಿಷ್ಠಾಪಿಸಿದೆ. ಪಕ್ಕದಲ್ಲಿ ಒಂದು ಪುಟ್ಟ ಪಾರದರ್ಶಕ ತಟ್ಟೆ. ತಳದಲ್ಲಿ ತೆಳ್ಳಗೆ ಬಿಳಿ ಪದರು ಒಣಗಿ ಹತ್ತಿಕೊಂಡಿತ್ತು. ನೇಕಾರರ ಮನೆಯಲ್ಲಿ ಇದಕ್ಕೆ ಒಂದೇ ಅರ್ಥ: ಮಗ್ಗದ ನೂಲಿಗೆ ಹಚ್ಚುವ ಗಂಜಿ. ಒಣಗಿದ ಗಂಜಿ ಕಂಡ ಕೂಡಲೇ ನೆನೆಹಾಕಿ ತಿಕ್ಕಬೇಕು; ಬಿಟ್ಟರೆ ನಾಳೆ ಉಳಿ ಹಿಡಿಯಬೇಕಾಗುತ್ತದೆ. ಈ ಮನೆಯ ಅಳಿಯನಾದ ದಿನವೇ ಕಲಿತ ಪಾಠವಿದು. ಸನ್ಮಾನದ ದಿನ ಮನಸ್ಸೂ ದೊಡ್ಡದಾಗಿತ್ತು. ಅರ್ಧ ಚಮಚ ಸೋಪಿನ ಪುಡಿ, ಒಂದಿಷ್ಟು ತೆಂಗಿನ ನಾರು. ತಟ್ಟೆ ಫಳಫಳ ಹೊಳೆಯಿತು!

ಬೋರಲು ಹಾಕುವಾಗ ಹಿಂಬದಿಯ ಚೀಟಿ ಕಂಡಿತು. ವೈಶಾಲಿಯ ಹೆಸರು. ಕೆಳಗೆ, 'ಆರು ವಾರ.' ಓಡಿ ಫ್ರಿಜ್ಜು ತೆಗೆದು ನೋಡಿದೆ. ನಾನು ಪ್ರತಿಷ್ಠಾಪಿಸಿದ್ದು ಕೆಮ್ಮಿನ ಔಷಧಿ.

ಆಗಲೇ ತಪ್ಪೊಪ್ಪಿಕೊಂಡಿದ್ದರೆ ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಶಾಲು ಕಣ್ಮುಂದೆ ಬಂತು. ಒಂದು ಹಿಡಿ ಜೋಳದ ಹಿಟ್ಟಿನಲ್ಲಿ ಗಂಜಿ ಕಾಸಿ, ತಟ್ಟೆಯ ತಳಕ್ಕೆ ಸವರಿ, ಮಾಳಿಗೆಯ ಬಿಸಿಲಿಗಿಟ್ಟೆ. ನಮ್ಮೂರ ಬಿಸಿಲು ಕೈಬಿಡಲಿಲ್ಲ. ಅವರು ಬರುವಷ್ಟರಲ್ಲಿ ತಟ್ಟೆ ಕಟ್ಟೆಯ ಮೇಲಿತ್ತು. ವೈಶಾಲಿ ಗಡಿಬಿಡಿಯಲ್ಲಿ ಅದನ್ನು ಹಾಗೆಯೇ ಡಬ್ಬಿಗೆ ಹಾಕಿಕೊಂಡಳು. ಕಸ್ತೂರಿ ಮಾತ್ರ ಒದ್ದೆ ನಾರನ್ನೂ ನನ್ನ ಮುಖವನ್ನೂ ಒಮ್ಮೆ ನೋಡಿದಳು.

ಕಾಲೇಜಿನಲ್ಲಿ ಶಾಲು ಬಂತು. ಅಭ್ಯಾಸ ಮಾಡಿದ ಸಂಕೋಚ ಬೇಕಾಗಲಿಲ್ಲ, ಬೆವರೇ ಸಾಕಾಯಿತು. ವೈಶಾಲಿ ಕೋಶಗಳ ನೇಯ್ಗೆಯನ್ನು ಸೊಗಸಾಗಿ ವಿವರಿಸಿ, ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಪರದೆಯ ಮೇಲೆ ಎಳೆ ಬರಬೇಕಿತ್ತು. ಕಾಳು ಕಾಳು ಬಂತು. ಅವಳು ಫೋಕಸ್ ತಿರುಗಿಸಿ ಮತ್ತೆ ನೋಡಿದಳು. ಆಮೇಲೆ ಲ್ಯಾಬಿನಿಂದ ಅಯೋಡಿನ್ ತರಿಸಿ ಒಂದು ಹನಿ ಬಿಟ್ಟಳು.

ಪರದೆ ಕಡುನೀಲಿಯಾಯಿತು! ಪಿಷ್ಟಕ್ಕೆ ಅಯೋಡಿನ್ ಹಾಕಿದರೆ ನೀಲಿ ಬರುತ್ತದೆ. ಎಂಟನೆಯ ತರಗತಿಯಲ್ಲಿ ಅವಳಿಗೆ ಇದನ್ನು ಕಲಿಸಿದವನು ಶಾಲು ಹೊದ್ದು ಮುಂದೆಯೇ ಕೂತಿದ್ದ. ಅವಳು ನನ್ನ ಕಡೆ ನೋಡಿದಳು. ನಾನು ಎದ್ದು ನಿಂತು, ಕೆಮ್ಮಿನ ಔಷಧಿಯನ್ನೂ ಬಿಡದೆ, ಎಲ್ಲವನ್ನೂ ಒಪ್ಪಿಕೊಂಡೆ.

"ಕೋಶ ತೊಳದು ಜಾಲ ಉಳಸೂದು ನಮ್ಮ ಕೆಲಸ," ಎಂದು ಅವಳು ಸಭೆಗೆ ಹೇಳಿದಳು. "ನಮ್ಮ ಮಾಮಾ ಉಳದ ಜಾಲಾನೂ ತೊಳದಾರ."

ಸಭೆ ನಕ್ಕಿತು. ಅವಳು ಲ್ಯಾಪ್‌ಟಾಪಿನ ಚಿತ್ರಗಳನ್ನೇ ತೋರಿಸಿ ಉಪನ್ಯಾಸ ಮುಗಿಸಿದಳು. ಹೊರಗೆ ಬಂದ ಮೇಲೆ ನನ್ನ ಹತ್ತಿರ ನಿಂತು, ಮೆತ್ತಗೆ ಕೇಳಿದಳು: "ತೊಳದದ್ದು ಹೋಗ್ಲಿ ಮಾಮಾ, ಮತ್ತ ಆರು ವಾರ ಬೆಳಸ್ತೀನಿ. ಬದಲಿ ಯಾಕ ಇಟ್ರಿ?" ನನಗೆ ನಿಜವಾಗಿ ನಾಚಿಕೆಯಾಯಿತು. ಕಾರಣವಾದ ಶಾಲನ್ನು ಹೆಗಲಿನಿಂದ ತೆಗೆದು ಮಡಚಿದೆ. ಅವಳೇ ನನ್ನ ಕೈ ಹಿಡಿದು ಕಾರಿನವರೆಗೆ ಕರೆತಂದಳು.

ಸಭೆಗೆ ನಮ್ಮ ಜೊತೆ ಬಂದಿದ್ದ ಮಾವನವರು ಕಾರಿನಲ್ಲಿ ಆ ತಟ್ಟೆ ಇಸಿದುಕೊಂಡರು. ಒಣಗಿದ ಪದರನ್ನು ಹೆಬ್ಬೆರಳಿನಿಂದ ಸವರಿದರು, ಬೆಳಕಿಗೆ ಹಿಡಿದರು. ಹಿರಿಯರು, ಏನಾದರೂ ಸಮಾಧಾನ ಹೇಳುತ್ತಾರೆಂದು ಕಾದೆ.

"ಅಳಿಯಾರ," ಎಂದರು, "ಈ ಮನಿ ಅಳಿಯಾ ಆಗಿ ಇಷ್ಟ ವರ್ಷ ಆತು. ಗಂಜೀನೂ ಗಂಟ ಇಲ್ಲದಂಗ ಕಾಸಾಕ ಬರವಲ್ದಲ್ರಿ ನಿಮಗ."