ಸೊಟ್ಟ ಬೆಂಚು

ಎಲ್ಲಕ್ಕೂ ಮೂಲ ಎದುರಂಗಡಿಯ ಬಡಗಿಯ ಬಾಯಿ.

"ಏನ್ ಅಳಿಯಂದಿರೇ, ನಿಮ್ಮ ಮಾವನ ಸ್ಟುಡಿಯೋ ಬೆಂಚು ಬಾಳೆಹಣ್ಣಿನ ಥರ ಬಗ್ಗಿದೆಯಲ್ಲ! ಹೊಸ ಯಜಮಾನ್ರಿಗೆ ಇದು ಶೋಭೆನಾ?"

'ಹೊಸ ಯಜಮಾನ' ಎಂದದ್ದೇ ತಡ, ಅಳಿಯ ಬೆಣ್ಣೆಯಂತೆ ಕರಗಿದ. ಇವತ್ತಿನ ಗ್ರೂಪ್ ಫೋಟೋ ಚೆನ್ನಾಗಿ ಬಂದರೆ ಸ್ಟುಡಿಯೋದ ಬೀಗದಕೈ ನಿನ್ನದೇ ಎಂದು ಹೇಳಿ ಮಾವ ಕ್ಷೌರಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ಬಡಗಿ ಮೂರು ತುಂಡಿನ ಬೆಂಚನ್ನು ಗೆರೆ ಎಳೆದಂತೆ ನೆಟ್ಟಗೆ ಮಾಡಿದ್ದ. ನಿವೃತ್ತರಾಗುತ್ತಿದ್ದ ಹೆಡ್‌ಮಿಸ್ಸು ಶಾಲೆಯವರ ಜೊತೆ ಅದರ ಮೇಲೆ ಕೂತು ಫೋಟೋ ತೆಗೆಸಿಕೊಂಡೂ ಆಗಿತ್ತು.

ಪ್ರಿಂಟಿನಲ್ಲಿ ನಡುವೆ ಕೂತ ಹೆಡ್‌ಮಿಸ್ಸು ಸ್ಪಷ್ಟ. ಎರಡು ತುದಿಯವರು ಮಾತ್ರ ನೀರು ಬಿದ್ದ ಶಾಯಿಯಂತೆ ಕದಡಿಹೋಗಿದ್ದರು.

"ನನ್ನ ಮೀಸೆ ಎಲ್ರೀ?" ಪ್ರಿಂಟು ಒಯ್ಯಲು ಬಂದ ಡ್ರಿಲ್ ಮೇಷ್ಟ್ರು ಗುಡುಗಿದರು.

ಅವರ ಜೊತೆ ಬಂದಿದ್ದ, ಶಾಲೆಯ ಗಂಟೆ ಬಾರಿಸುವ ಆಯಾ ಮೆಲ್ಲಗೆ ಅಂದಳು: "ಜೀವನದಲ್ಲಿ ಒಂದೇ ಫೋಟೋ. ಅದರಲ್ಲೂ ನಾನಿಲ್ಲ."

"ಹೆಡ್‌ಮಿಸ್ಸು ಸಂಜೆ ರೈಲಿಗೆ ಊರು ಬಿಡ್ತಾರೆ. ಅದಕ್ಕೆ ಮುಂಚೆ ಎಲ್ರೂ ಮತ್ತೆ ಬರ್ತೀವಿ, ಇನ್ನೊಂದು ತೆಗೀರಿ," ಎಂದು ಮೇಷ್ಟ್ರು ಹೊರಟರು.

ಮಾವ ಬಂದು ಬೆಂಚು ನೋಡಿದವರೇ ತಲೆಯ ಮೇಲೆ ಕೈ ಹೊತ್ತರು. "ಅಯ್ಯೋ ಪುಣ್ಯಾತ್ಮ! ಸೊಟ್ಟ ಇರೋದು ನಮ್ಮ ಲೆನ್ಸಿನ ನೋಟ ಕಣೋ. ಅದಕ್ಕೆ ಲೋಕ ಅಂದ್ರೆ ಬಟ್ಟಲು. ತುದಿಯೋರು ಸ್ವಲ್ಪ ಮುಂದೆ ಬಂದ್ರೇನೇ ಕಾಣೋದು. ಅದಕ್ಕೇ ಬೆಂಚು ಬಗ್ಗಿಸಿದ್ದೆ."

ಅಳಿಯ ಲೆನ್ಸನ್ನು ಬಿಚ್ಚಿ ಗೋಡೆಯ ಎದುರು ಹಿಡಿದ. ಕಿಟಕಿಯ ಬಿಂಬ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿತು. ನಡುವಿನ ಸರಳು ತಿಳಿಯಾದರೆ ಅಂಚಿನದು ಕರಗುತ್ತಿತ್ತು. ಗಾಜನ್ನು ಗೋಡೆಗೆ ಕೂದಲೆಳೆಯಷ್ಟು ಹತ್ತಿರ ತಂದರೆ ಅಂಚು ತಿಳಿಯಾಗಿ ನಡು ಕರಗುತ್ತಿತ್ತು. ತೊಟ್ಟಿಲಿನ ಕೂಸು ಮೊದಲ ಸಲ ತನ್ನ ಬೆರಳು ನೋಡಿದಂತೆ ಅವನು ನೋಡಿಯೇ ನೋಡಿದ.

"ಇದನ್ನ ಗಾಜಲ್ಲೇ ತಿದ್ದೋಕಾಗಲ್ವಾ ಮಾವ?"

"ಯಾಕಾಗಲ್ಲ? ಹೊಸ ಲೆನ್ಸುಗಳಲ್ಲಿ ಉಬ್ಬುಗಾಜಿನ ತಪ್ಪನ್ನ ತಗ್ಗುಗಾಜು ತಿದ್ದುತ್ತೆ. ಒಳ್ಳೆ ಗಂಡ ಹೆಂಡ್ತಿ ಇದ್ದ ಹಾಗೆ. ಅವಕ್ಕೆ ನೆಟ್ಟಗಿರೋ ಬೆಂಚೇ ಸರಿ."

ಅಳಿಯ ಚಪ್ಪಲಿ ಮೆಟ್ಟಿದವನೇ ಎಲ್ಲಿಗೆಂದೂ ಹೇಳದೆ ಓಡಿದ. ಊರಾಚೆಯ ಗೆಳೆಯನ ಸ್ಟುಡಿಯೋದಲ್ಲಿ ಅಂಥದೊಂದು ಲೆನ್ಸಿತ್ತು.

ಅದನ್ನು ಎದೆಗವಚಿಕೊಂಡು, ಏದುಸಿರು ಬಿಡುತ್ತಾ ವಾಪಸು ಬಂದಾಗ ಶಾಲೆಯವರು ಆಗಲೇ ಕೂತಿದ್ದರು. ಬೆಂಚೇ ಕಾಣದಷ್ಟು ಒತ್ತೊತ್ತಾಗಿ.

"ಬೇಗಪ್ಪಾ, ರೈಲು!" ಎಂದರು ಹೆಡ್‌ಮಿಸ್ಸು. ಮಾವ ಅತ್ತ ಆಯಾಳಿಗೆ ಗದ್ದ ಎತ್ತಲು ಹೇಳುತ್ತಿದ್ದರು. ಇತ್ತ ಅಳಿಯ ಲೆನ್ಸು ಬದಲಿಸಿ ಕ್ಯಾಮೆರಾದ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಹೆಡ್‌ಮಿಸ್ಸಿನ ಒಂದೊಂದು ರೆಪ್ಪೆಗೂದಲೂ ಬೇರೆ ಬೇರೆ! ಉಳಿದವರ ಕಡೆ ನೋಡುವುದೂ ಮರೆತುಹೋಯಿತು. ಕ್ಲಿಕ್.

ರೈಲು ಹೋದ ಮೇಲೆ ಕತ್ತಲೆಕೋಣೆಯ ತಟ್ಟೆಯಲ್ಲಿ ರೆಪ್ಪೆಗಳು ಮೂಡಿದವು. ತುದಿಯಲ್ಲಿ ಮತ್ತೆ ಮೀಸೆಯಿಲ್ಲ. ಮತ್ತೆ ಆಯಾ ಇಲ್ಲ.

ಅಳಿಯ ಹೊರಗೋಡಿ ಬೆಂಚು ನೋಡಿದ. ಬಾಳೆಹಣ್ಣು!

"ನೀನು ಅವಮಾನಕ್ಕೆ ಓಡಿಹೋದೆ ಅಂದ್ಕೊಂಡು ಬಡಗಿ ಕೈಲಿ ಮತ್ತೆ ಬಗ್ಗಿಸಿಟ್ಟೆ," ಎಂದರು ಮಾವ. ಆಮೇಲೆ ಅವರ ಕಣ್ಣು ಕ್ಯಾಮೆರಾದ ಮೇಲಿನ ಹೊಸ ಲೆನ್ಸಿಗೆ ಬಿತ್ತು.



"ಎಂಥಾ ಸೋಜಿಗ ನೋಡು," ಎನ್ನುತ್ತಾ ಮಾವ ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು. "ನಾನು ತಿದ್ದಿದ್ದೂ ಸರಿ, ನೀನು ತಿದ್ದಿದ್ದೂ ಸರಿ."

ಬಡಗಿ ಬಾಗಿಲಲ್ಲಿ ಇಣುಕಿದ. "ಅಂಗಡಿ ಮುಚ್ತಾ ಇದೀನಿ. ಬೆಂಚು ಹೀಗೇ ಇರ್ಲೋ, ನೆಟ್ಟಗೆ ಮಾಡ್ಲೋ?"