ಕೆರೆ ಸುತ್ತಲು ಬಂದ ಸಾಹೇಬರು

ನೀರಿರುವ ಕಡೆ ನಾಲ್ಕು ಜನ ಸೇರಿದರೆ ಏನಾದರೊಂದು ಆಗಿಯೇ ತೀರುತ್ತದೆ. ಆ ನಾಲ್ವರಲ್ಲಿ ನಾನೊಬ್ಬ ಇದ್ದರಂತೂ ಅದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ನಾನು ಏಳನೇ ಕ್ಲಾಸಿನ ಮಧ್ಯದಲ್ಲಿ ಎದ್ದು ಬಂದವನು. ಆಮೇಲೆ ಲಾರಿ ಕ್ಲೀನರ್ ಆದೆ, ಕೇರಳಕ್ಕೆ ಶುಂಠಿ ಲೋಡ್ ಹೊಡೆದೆ, ಕಬಿನಿ ಕಡೆ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸಿದೆ. ಅಲ್ಲಿ ಕಿವಿಗೆ ಬಿದ್ದ ಇಂಗ್ಲಿಷೇ ನನ್ನ ವಿದ್ಯೆ. ಈಗ ನನ್ನದೇ ಒಂದು ಹಳೇ ಜೀಪಿದೆ. ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ನಿಲ್ಲಿಸಿಕೊಂಡಿರುತ್ತೇನೆ. ಯಾರಾದರೂ ಹತ್ತಿದರೆ ಕೆರೆ, ಡ್ಯಾಮು, ಹಿನ್ನೀರು ಅಂತ ಸುತ್ತಿಸಿಕೊಂಡು ಬರುತ್ತೇನೆ.

ನಮ್ಮಣ್ಣನ ಪ್ರಕಾರ ಇದು ಕೆಲಸವೇ ಅಲ್ಲ. ಗುರುಪುರದಾಚೆ ನಮ್ಮೂರಿನಲ್ಲಿ ಅವನದು ಹೊಗೆಸೊಪ್ಪಿನ ಬೇಸಾಯ. ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ಸೌದೆ ಹಾಕುತ್ತಾ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಈ ಸಲ ಮಳೆ ಹಿಡಿಯುತ್ತಿದ್ದಂತೆ ಕರೆದು ಹೇಳಿದ: "ಒಂದ್ ವಾರ ನೋಡ್ತೀನಿ ಕಣ್ಲಾ. ಅಷ್ಟ್ರಲ್ಲಿ ನೀ ಮಾಡ್ತಿರದು ಒಂದು ಕೆಲ್ಸ ಅಂತ ನಂಗೆ ಅನ್ನುಸ್ಬೇಕು. ಇಲ್ದಿದ್ರೆ ಜೀಪ್ ಮಾರ್‌ಬುಟ್ಟು ಬ್ಯಾರನ್ ಮುಂದೆ ಬಂದು ಕೂತ್ಕೊ."

ಅಪ್ಪ ಹೋದ ಮೇಲೆ ನನ್ನನ್ನು ಸಾಕಿದವನು ಅವನು. ಎದುರಾಡಿ ಅಭ್ಯಾಸವಿಲ್ಲ. ಆದರೆ ಒಂದೇ ಕಡೆ ಕೂರುವುದೆಂದರೆ ನನಗೆ ಮೈಯೆಲ್ಲ ಇರುವೆ ಹರಿದ ಹಾಗೆ. ಅದೇ ವಾರ, ನನ್ನ ಪುಣ್ಯಕ್ಕೋ ಪರೀಕ್ಷೆಗೋ, ಇಂಗ್ಲೆಂಡಿನಿಂದ ಗಂಡಹೆಂಡಿರಿಬ್ಬರು ಬಂದು ಅಂತರಸಂತೆ ಹತ್ತಿರ ಒಂದು ಹೋಂಸ್ಟೇಯಲ್ಲಿ ಇಳಿದರು. ಇಬ್ಬರಿಗೂ ಅರವತ್ತೈದು ದಾಟಿತ್ತು. ನನ್ನ ಬಾಯಲ್ಲಿ ಗಂಡ ಸಾಹೇಬರು, ಹೆಂಡತಿ ಅಮ್ಮಾವ್ರು. ಹುಲಿ ತೋರಿಸಲಾ ಅಂದೆ. ಬೇಡ ಅಂದರು. ತಮ್ಮ ದೇಶದಲ್ಲಿ ರಜ ಬಂದರೆ ಹಳ್ಳಿ ಕಡೆ ಹೋಗಿ ಕೆರೆ, ಜಲಾಶಯ ಸುತ್ತುತ್ತಾರಂತೆ. ಇಲ್ಲೂ ಅದನ್ನೇ ಮಾಡಬೇಕಂತೆ.

ನನಗಂತೂ ಕುಣಿಯುವ ಹಾಗಾಯಿತು. ನೀರು ತೋರಿಸು ಅಂತ ಬಾಯಿಬಿಟ್ಟು ಕೇಳಿದವರು ಇವರೇ ಮೊದಲು.

೧. ಹರಕೆ

ಮೊದಲ ದಿನ ಹುಣಸೂರು ರಸ್ತೆಯ ಒಂದು ದೊಡ್ಡ ಕೆರೆಗೆ ಹೋದೆವು. ಇಬ್ಬರೂ ಬೂಟಿನ ದಾರ ಬಿಗಿದು ಏರಿ ಮೇಲೆ ನಡೆಯತೊಡಗಿದರು. ಹಿಂದೆ ನಾನು.

ಕಾಲು ಭಾಗ ಸುತ್ತಿರಲಿಲ್ಲ, ಎತ್ತು ಹೊಡೆದುಕೊಂಡು ಬರುತ್ತಿದ್ದವನೊಬ್ಬ ನಿಂತ. "ಏನ್ ಕಳ್ಕಂಡಿದ್ದೀರಿ? ಅಸೂನಾ?"

"ಏನೂ ಕಳ್ದಿಲ್ಲ. ಸುಮ್ನೆ ನಡೀತಾವ್ರೆ."

"ಎಲ್ಲಿಗೆ?"

"ಹೊರಟ ಜಾಗಕ್ಕೇ."

ಅವನು ನನ್ನ ಮುಖ ನೋಡಿ, ಎತ್ತಿನ ಮುಖ ನೋಡಿ, ಹೊರಟುಹೋದ.

ಆಚೆ ದಡದಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜಿಗೆ ಮಾತ್ರ ನೋಡಿದೊಡನೆ ಎಲ್ಲ ಅರ್ಥವಾಗಿತ್ತು. "ಅರಕೆ ಅಲ್ವೇನಪ್ಪ? ಕೆರೆಯಮ್ಮನ್ಗೆ ಸುತ್ತು ಆಕ್ತಾವ್ರೆ. ಎಷ್ಟು ಸುತ್ತು?"

"ಒಂದೇ ಅಜ್ಜಿ."

"ಒಂದಕ್ಕೆ ಯಾವ ತಾಯಿ ಒಲೀತಾಳೆ? ಮೂರಾದ್ರೂ ಬೇಕು. ಅದೂ ಬೂಟ್ ಆಕ್ಕಂಡು ಸುತ್ತಿದ್ರೆ ಫಲ ಇಲ್ಲ ಅಂತ ಏಳು."

ಅಜ್ಜಿ ಏನಂದಳು ಅಂತ ಅಮ್ಮಾವ್ರು ಕೇಳಿದರು. ಹೇಳಿದೆ. ಅವರಿಗೆ ಖುಷಿಯೋ ಖುಷಿ. ಅಲ್ಲೇ ಬೂಟು ಬಿಚ್ಚಿ ಗಂಡನ ಕೈಗೆ ಕೊಟ್ಟು ಬರಿಗಾಲಲ್ಲಿ ಹೊರಟರು. ಅಜ್ಜಿ ಅವರು ಹೋದ ದಿಕ್ಕಿಗೆ ಕೈ ಮುಗಿದು ನನ್ನ ಹತ್ತಿರ ಪಿಸುಗುಟ್ಟಿದಳು: "ಪಾಪ, ಈ ವಯಸ್ಸಲ್ಲಿ ಮಕ್ಳು ಬೇಕು ಅಂದ್ರೆ ಮೂರು ಸಾಲದು ಕಣಪ್ಪ. ಒಂಬತ್ತು ಸುತ್ತಿಸು."

ಸಂಜೆ ಅಣ್ಣನ ಫೋನು. "ಇವತ್ತೇನ್ ಕೆಲ್ಸ ಮಾಡ್ದೆ?"

"ಕೆರೆ ಸುತ್ತಿದೆ ಅಣ್ಣ."

"ಸೌದೆ ಒಡೆದು ಇಟ್ಟಿರ್ತೀನಿ," ಅಂದು ಇಟ್ಟುಬಿಟ್ಟ.

೨. ಅರೆದ ಮಸಾಲೆ

ಸಾಹೇಬರಿಗೆ ಗಾಳ ಹಾಕುವ ಆಸೆ. ಪಿರಿಯಾಪಟ್ಟಣದ ಕಡೆ ಮೀನು ಗುತ್ತಿಗೆಗೆ ಹೋಗಿದ್ದ ಒಂದು ಕೆರೆಗೆ ಕರೆದೊಯ್ದು, ಗುತ್ತಿಗೆದಾರನ ಒಪ್ಪಿಗೆ ಪಡೆದು, ಕಾವಲುಗಾರನಿಗೂ ಹೇಳಿ ಕೂರಿಸಿದೆ.

ಮೂರು ಗಂಟೆ ಕಾದರು. ಸುತ್ತ ಹದಿನೈದು ಜನ ಕುಕ್ಕರುಗಾಲಲ್ಲಿ ಕೂತು ಅವರ ಜೊತೆ ಕಾದರು. ಕೊನೆಗೆ ಗಾಳದ ಕಡ್ಡಿ ಬಿಲ್ಲಿನಂತೆ ಬಗ್ಗಿತು. ಎಳೆದಾಡಿ, ಹಿಂದೆ ಮುಂದೆ ಓಡಿ, ಕಡೆಗೆ ತೋಳುದ್ದದ ಒಂದು ಕಾಟ್ಲಾ ಮೀನು ದಡಕ್ಕೆ ಬಂತು. ಒಬ್ಬ ಆಗಲೇ ಎದ್ದು ಮನೆ ಕಡೆ ಓಡಿದ.

ಸಾಹೇಬರು ಮೀನನ್ನು ಎದೆಗವಚಿಕೊಂಡು ಫೋಟೋ ತೆಗೆಸಿಕೊಂಡರು. ಬೆನ್ನು ಸವರಿದರು. ಆಮೇಲೆ ಮಗುವನ್ನು ತೊಟ್ಟಿಲಿಗೆ ಇಳಿಸಿದ ಹಾಗೆ ನೀರಿಗೆ ಬಿಟ್ಟುಬಿಟ್ಟರು.

ಕೂತಿದ್ದವರೆಲ್ಲ ಎದ್ದು ನೀರಿನಂಚಿಗೆ ಬಂದು ಬಗ್ಗಿ ನೋಡಿದರು.

"ಕೈ ಜಾರ್ತಾ?" ಅಂತ ಒಬ್ಬ ಕೇಳಿದ.

"ಇಲ್ಲ, ಬೇಕಂತಲೇ ಬಿಟ್ರು. ಅವರ ದೇಶದಲ್ಲಿ ಹಂಗೇ ಅಂತೆ."

ಕಾವಲುಗಾರ ತಲೆ ಮೇಲೆ ಕೈ ಹೊತ್ತು ಕೂತ. "ಮೀನ್ ಇಡ್ಕಂಡೋಗೋರ್ನ ಏನ್ ಮಾಡ್ಬೇಕು ಅಂತ ಗೊತ್ತು ನಂಗೆ. ಇಡ್ದು ಬುಟ್ಟೋರ್ನ ಏನ್ ಮಾಡ್ಬೇಕು? ಗುತ್ತಿಗೇರು ಕೇಳಿದ್ರೆ ಏನಂತ ಏಳ್ಲಿ?"

ಅಷ್ಟರಲ್ಲಿ ಮನೆಗೆ ಓಡಿದ್ದವನು ಬೆವರುತ್ತಾ ಬಂದ. ಆದದ್ದನ್ನು ಹೇಳಿದೆವು. ಅವನು ಸಾಹೇಬರನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ನಮ್ಮೆಂಗ್ಸು ಮಸಾಲೆ ಅರೆದು ಕೂತವ್ಳೆ. ಅದ್ನೂ ತಂದು ನೀರಿಗೇ ಬುಡ್ಲಾ?"

೩. ಏನು ಬಿದ್ದದೆ?

ಮಾರನೇ ದಿನ ಬೆಳಿಗ್ಗೆಯಿಂದ ಜಡಿಮಳೆ. ಇವತ್ತು ಬೇಡ ಸಾರ್ ಅಂದೆ. ಮಳೆ ನಿಲ್ಲಲಿ ಅಂತ ಕಾದಿದ್ದರೆ ತಮ್ಮ ಕಡೆಯವರು ಸಾಯುವ ತನಕ ಒಂದು ಕೆರೆಯನ್ನೂ ನೋಡುತ್ತಿರಲಿಲ್ಲ ಅಂದರು ಸಾಹೇಬರು. ಕೋಟೆ ತಾಲ್ಲೂಕಿನ ಒಂದು ಜಲಾಶಯದ ಪಕ್ಕ, ರಸ್ತೆ ತಿರುವಿನಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ರೈನ್‌ಕೋಟಿನೊಳಗೆ ಮುದುಡಿ ಕೂತು, ಫ್ಲಾಸ್ಕಿನ ಟೀ ಕುಡಿಯುತ್ತಾ ನೀರನ್ನೇ ನೋಡತೊಡಗಿದರು. ನಾನೂ ಒಂದು ಗೋಣಿಚೀಲವನ್ನು ತಲೆ ಮೇಲಿಂದ ಕೊಪ್ಪೆ ಹಾಕಿಕೊಂಡು ನಿಂತೆ.

ಮಳೆಯಲ್ಲಿ ಮೂರು ಜನ ಅಲ್ಲಾಡದೆ ನೀರು ನೋಡುತ್ತಿದ್ದಾರೆ ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಬೈಕಿನವನೊಬ್ಬ ನಿಲ್ಲಿಸಿದ. ಅವನನ್ನು ನೋಡಿ ಆಟೋ ನಿಂತಿತು. ಆಮೇಲೆ ಬಸ್ಸೇ ನಿಂತಿತು.

ಕಂಡಕ್ಟರು ತಲೆ ಹೊರಗೆ ಹಾಕಿ ಕೇಳಿದ: "ಗಂಡ್ಸಾ, ಹೆಂಗ್ಸಾ?"

"ಯಾರೂ ಬಿದ್ದಿಲ್ಲ ಸ್ವಾಮಿ. ನೀರು ನೋಡ್ತಾವ್ರೆ."

"ಮನೆಯವ್ರಿಗೆ ಇನ್ನೂ ಗೊತ್ತಿಲ್ವೇನೋ, ಅದಕ್ಕೇ ಹೇಳ್ತಿಲ್ಲ," ಅಂದಳು ಒಳಗಿಂದ ಒಬ್ಬಾಕೆ, ಸೆರಗಿನಿಂದ ಕಣ್ಣೊರೆಸಿಕೊಂಡು.

ಅರ್ಧ ಗಂಟೆಯಲ್ಲಿ ಹಗ್ಗ, ಲಾರಿ ಟ್ಯೂಬು ಸಮೇತ ಮುಳುಗು ಹಾಕುವವನು ಬಂದ. ಯಾರೂ ಬಿದ್ದಿಲ್ಲ ಅಂತ ದೇವರಾಣೆ ಮಾಡಿದೆ. "ಮೈಗೆ ಎಣ್ಣೆ ಹಚ್ಕಂಡ್ ಬಂದಿವ್ನಿ. ಸುಮ್ನೆ ಎಂಗೋಗ್ಲಿ?" ಅಂದವನೇ ಮುಳುಗಿಬಿಟ್ಟ. ಎದ್ದು ಬಂದಾಗ ಕೈಯಲ್ಲಿ ಒಂದು ಸ್ಟೀಲ್ ಟಿಫನ್ ಕ್ಯಾರಿಯರ್. ತಿರುಗಿಸಿ ಕೆತ್ತಿದ ಹೆಸರು ಓದಿ ಅಂದ: "ಥೂ, ನಮ್ಮನೇದೇ. ಓದ್ ವರ್ಷ ಬಟ್ಟೆ ಒಗಿಯಕ್ ಬಂದಾಗ ನಮ್ಮತ್ತಿಗೆ ಬೀಳುಸ್ಬುಟ್ಟು, ನಾನ್ ಮಾರ್‌ಕಂಡೆ ಅಂತ ಊರಿಗೆಲ್ಲ ಯೋಳವ್ಳೆ."

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇದು ದಿನವೂ ನಡೆಯುವ ಪ್ರದರ್ಶನ ಅಂತಲೇ ಅವರು ತಿಳಿದಿದ್ದು.

ಸಂಜೆ ಅಣ್ಣ ಕೇಳಿದ. "ಕೂತು ನೀರು ನೋಡ್ದೋ ಅಣ್ಣ," ಅಂದೆ.

"ನಾಳೆ?"

"ನಾಳೆನೂ ಕೂತ್ಕೋತೀವಿ."

"ಇಲ್ಲೇ ಬೆಂಕಿ ಮುಂದೆ ಕೂತ್ಕೊಳಯ್ಯ, ಬೆಚ್ಚಗಾದ್ರೂ ಇರ್ತೀಯ," ಅಂದ.

೪. ನಮ್ಮೂರ ಕೆರೆ

ವಾರ ಮುಗಿಯಲು ಎರಡೇ ದಿನ. ಹಕ್ಕಿ ಹೆಚ್ಚಿರುವ ಕೆರೆ ಬೇಕು ಅಂದರು ಅಮ್ಮಾವ್ರು. ನಮ್ಮೂರ ಕೆರೆಗೇ ಕರೆದುಕೊಂಡು ಹೋದೆ. ನಾನು ಗಾಂಭೀರ್ಯದಿಂದ ದುಡಿಯುವುದನ್ನು ಅಣ್ಣ ಕಣ್ಣಾರೆ ನೋಡಲಿ ಅಂತ.

ಒಂದು ವಿಷಯ ಹೇಳಬೇಕು. ನಮ್ಮೂರ ಕೆರೆ ವರ್ಷ ವರ್ಷ ಸ್ವಲ್ಪ ಸಣ್ಣದಾಗುತ್ತಾ ಬಂದಿತ್ತು. ಅಂಚಿನಲ್ಲಿ ಹೊಲ ಇರುವವರೆಲ್ಲ ಬೇಲಿಯನ್ನು ಒಂದೊಂದು ಮಾರು ಮುಂದಕ್ಕೆ ನಡೆಸಿದ್ದರು. ನಮ್ಮಣ್ಣನ ಬೇಲಿ ಎಲ್ಲರಿಗಿಂತ ಚೆನ್ನಾಗಿ ನಡೆದಿತ್ತು. ಕಲ್ಲುಕಂಬ ನೆಟ್ಟು, ನೀರು ನುಗ್ಗದಂತೆ ಬದು ಕಟ್ಟಿ, ಒಳಗೆ ಸೀಮೆಹುಲ್ಲು ಹಾಕಿದ್ದ.

ಸಾಹೇಬರು ಏರಿ ಮೇಲೆ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ ಅದಕ್ಕೆ ದುರ್ಬೀನು ಸಿಕ್ಕಿಸಿದರು. ಅಮ್ಮಾವ್ರು ಪಕ್ಕದಲ್ಲಿ ಪುಸ್ತಕ ಬಿಚ್ಚಿ ಪೆನ್ಸಿಲ್ ಹಿಡಿದರು. ಸರಿಯಾಗಿ ನಮ್ಮಣ್ಣನ ಬೇಲಿ ಮೇಲೆಯೇ ಬೆಳ್ಳಕ್ಕಿಗಳು ಕೂತಿದ್ದವು. ಸಾಹೇಬರು ದುರ್ಬೀನು ಅತ್ತ ತಿರುಗಿಸಿ, ಬೆರಳು ಚಾಚಿ, ಕಂಬದಿಂದ ಕಂಬಕ್ಕೆ ಎಣಿಸುತ್ತಾ ಹೋದರು. ಅಮ್ಮಾವ್ರು ಬರೆಯುತ್ತಾ ಹೋದರು.

ಹುಲ್ಲು ಕುಯ್ಯುತ್ತಿದ್ದ ಅಣ್ಣ ಕುಡುಗೋಲು ಕೆಳಗಿಟ್ಟ. ಹತ್ತು ನಿಮಿಷದಲ್ಲಿ ನಾಲ್ಕು ಎಳನೀರು ಹಿಡಿದು ಏರಿ ಹತ್ತಿದ. ನನಗೆ ಅವನು ಎಳನೀರು ಕೊಟ್ಟದ್ದು ಅದೇ ಮೊದಲು.

ಕಿವಿಯ ಹತ್ತಿರ ಬಂದು ಕೇಳಿದ: "ಏನ್ಲಾ ಅಳೀತಾವ್ರೆ?"

"ಅಳೀತಿಲ್ಲ ಅಣ್ಣ. ಎಣಿಸ್ತಾವ್ರೆ."

"ಏನ?"

"ಹಕ್ಕಿ."

ಅಣ್ಣ ನಕ್ಕ. ಆ ನಗು ಕಣ್ಣಿನವರೆಗೂ ಹೋಗಲಿಲ್ಲ. "ನಂಗೇ ಕಥೆ ಯೋಳ್ತೀಯಾ. ಅಕ್ಕಿ ಎಣಿಸಕ್ಕೆ ಯಾವನಾರ ಇಂಗ್ಲೆಂಡಿಂದ ಬತ್ತಾನಾ?"

"ನಿಜವಾಗ್ಲೂ ಅಣ್ಣ, ಹಕ್ಕೀನೇ."

"ಆಯ್ತು ಬುಡು, ಏಳ್ಬಾರ್ದು ಅಂತ ಆರ್ಡರ್ ಇರ್ತದೆ. ನಾಳೆನೂ ಬತ್ತಾರಾ?"

"ಬತ್ತಾರೆ. ಬೆಳಿಗ್ಗೆ ಎಣಿಸಿದ್ರೆ ಲೆಕ್ಕ ಸರಿಯಾಗಿ ಸಿಗ್ತದಂತೆ."

ಅಣ್ಣ ತನ್ನ ಎಳನೀರನ್ನು ಕುಡಿಯದೆ ಇಳಿದು ಹೋದ.

ಮರುದಿನ ಬೆಳಿಗ್ಗೆ ಏರಿ ಮೇಲೆ ಜೀಪು ನಿಲ್ಲಿಸಿದರೆ ನನಗೆ ನನ್ನೂರೇ ಗುರುತು ಸಿಗಲಿಲ್ಲ. ಅಣ್ಣನ ಬೇಲಿ ಇಲ್ಲ. ಬದು ಒಡೆದು ಸೀಮೆಹುಲ್ಲಿನೊಳಗೆ ಮೊಣಕಾಲುದ್ದ ನೀರು. ಅಣ್ಣ ಕಿತ್ತದ್ದನ್ನು ನೋಡಿ ಪಕ್ಕದವನು ಕಿತ್ತಿದ್ದ, ಅವನನ್ನು ನೋಡಿ ಅದರಾಚೆಯವನು. ಕೆರೆ ಸುತ್ತಲೂ ಜನ ಕಲ್ಲುಕಂಬ ಹೊತ್ತು ಓಡಾಡುತ್ತಿದ್ದರು.

ಅಣ್ಣ ಸೊಂಟದವರೆಗೂ ಕೆಸರು ಮೆತ್ತಿಕೊಂಡು ಬಂದ. ನನ್ನನ್ನು ಜೀಪಿನ ಹಿಂದೆ ಎಳೆದು, "ಆ ಬುಕ್ನಾಗೆ ನನ್ನೆಸ್ರು ಅದೇನ್ಲಾ?" ಅಂದ.

ಹೋಗಿ ನೋಡಿ ಬಂದೆ. "ಇಲ್ಲ ಅಣ್ಣ. ಬೆಳ್ಳಕ್ಕಿ ಎಸ್ರು ಅದೆ."

ಅಣ್ಣ ದೊಡ್ಡ ಉಸಿರು ಬಿಟ್ಟು ನನ್ನ ಹೆಗಲ ಮೇಲೆ ಕೈ ಇಟ್ಟ. ಅಪ್ಪ ಹೋದ ದಿನ ಇಟ್ಟಿದ್ದ, ಅದು ಬಿಟ್ಟರೆ ಇವತ್ತೇ. "ನೋಡ್ಲಾ, ಬ್ಯಾರನ್‌ಗೆ ಯಾರಾರ ಸಿಕ್ತಾರೆ. ನೀ ಆ ಕಡೆ ತಲೆ ಆಕ್ಬೇಡ. ಸಾಹೇಬ್ರನ್ನ ಬುಟ್ಟು ಅಳ್ಳಾಡ್ಬೇಡ. ನೀ ಮಾಡ್ತಿರದೇ ಕೆಲ್ಸ ಕಣ್ಲಾ. ನಮ್ದೆಲ್ಲ ಏನು."

ಜೀಪು ಉಳಿಯಿತು. ನನಗೆ ಕೂಗಬೇಕು ಅನ್ನಿಸಿತು, ಆದರೆ ಸಾಹೇಬರು ಕರೆಯುತ್ತಿದ್ದರು. ದುರ್ಬೀನಿನ ಗಾಜನ್ನು ಎರಡು ಸಲ ಒರೆಸಿ ನೋಡಿದ್ದರು. ನಿನ್ನೆ ನೀರು ಅಲ್ಲಿಗೆ ಮುಗಿದಿತ್ತು, ರಾತ್ರಿ ಒಂದು ಹನಿ ಮಳೆಯಿಲ್ಲ, ಇವತ್ತು ಕೆರೆ ಇಷ್ಟು ದೊಡ್ಡದಾಗಿದೆ, ಹಕ್ಕಿಯೂ ಎರಡರಷ್ಟಾಗಿದೆ, ಇದು ಹೇಗೆ ಅಂತ ಕೇಳಿದರು.

ನಾನು ಅಣ್ಣನ ಮುಖ ನೋಡಿದೆ. ಅಣ್ಣ ಆಕಾಶ ನೋಡಿದ.

"ನಮ್ಮ ಕಡೆ ಕೆರೆ ಹಂಗೇ ಸಾರ್," ಅಂದೆ. "ಯಾರಾದ್ರೂ ಸುಮ್ನೆ ನೋಡ್ತಾ ಕೂತ್ರೆ ಬೆಳೀತದೆ."

ಅಮ್ಮಾವ್ರು ಅದನ್ನೂ ಬರೆದುಕೊಂಡರು.